ಗುರುವನ ಮನೆಯವರು ಓದಿದ ‘ಚೋಮನ ದುಡಿ’

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಅದನ್ನು ಕುರಿತು ಬಂದಿರುವ ವಿಮರ್ಶೆಗಳಿಗೆ ಲೆಕ್ಕವಿಲ್ಲ. 1975ರಲ್ಲಿ ಬಿ. ವಿ. ಕಾರಂತರು ಅದನ್ನು ಚಿತ್ರಕ್ಕಿಳಿಸಿ ಸ್ವರ್ಣಕಮಲ ಗಳಿಸಿದ ಮೇಲಂತೂ ಪುಸ್ತಕವನ್ನು ಓದದವರೂ ಚೋಮನನ್ನು ಬಲ್ಲವರಾದರು. ಹೀಗಿರಲು ಗಡಿನಾಡಿನ ಉಪಾಧ್ಯಾಯರಾದ ನಾವು ಹೊಸದಾಗಿ ಹೇಳುವುದೇನುಂಟು ಎಂದು ವಾಚಕರು ಕೇಳಬಹುದು. ಹೊಸತೆಂಬುದೇನಾದರೂ ಇದ್ದರೆ ಅದು ನಮ್ಮದಲ್ಲ, ನಮ್ಮೊಡನೆ ಕುಳಿತು ಓದಿದವರದು.

ಡೆಂಕಣಿಕೋಟೆಗೆ ಕೆಲವು ಮೈಲಿ ದೂರದ ಹಳ್ಳಿಯಲ್ಲಿ ಕನ್ನಡ ಮನೆಮಾತಿನ ಕ್ರೈಸ್ತ ಕುಟುಂಬವೊಂದಿದೆ. ಭಾನುವಾರ ಸಂಜೆ ಅವರ ಜಗಲಿಯಲ್ಲಿ ಕೇರಿಯ ಹತ್ತು ಹದಿನೈದು ಜನ ಸೇರುತ್ತಾರೆ. ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು. ಕನ್ನಡವನ್ನು ಕಿವಿಯಿಂದ ಬಲ್ಲರು. ಆದುದರಿಂದ ನಾವು ಗಟ್ಟಿಯಾಗಿ ಓದಿದೆವು, ಅವರು ಕೇಳಿದರು.

ಮೊದಲ ತೊಡಕು ದುಡಿಯದೇ. ತುಳುನಾಡಿನ ಆ ವಾದ್ಯ ಇಲ್ಲಿಯವರಿಗೆ ತಿಳಿಯದು. ಮನೆಯ ಅಜ್ಜಿ, “ತಮಟೆ ಅನ್ನಿ ಮೇಷ್ಟ್ರೇ” ಎಂದು ತಾವೇ ತಿದ್ದಿದರು. ಅವರ ಮಾವನ ತಂದೆ ಜ್ಞಾನಸ್ನಾನವಾದ ದಿನ ತಮಟೆಯನ್ನು ತೊಲೆಗೆ ತೂಗುಹಾಕಿದರಂತೆ. ಸಾವಿನ ಮನೆಗೆ ಬಾರಿಸಲು ಕರೆಯುವವರಿಗೆ ಅದೇ ಉತ್ತರ. ಚೋಮ ದುಡಿಯನ್ನು ಬಾರಿಸುತ್ತ ಪ್ರಾಣ ಬಿಡುತ್ತಾನೆ, ಇವರ ಹಿರಿಯರು ಬಾರಿಸುವುದನ್ನು ಬಿಟ್ಟು ಬದುಕಿದರು. ಈ ಎರಡನ್ನೂ ಎದುರುಬದುರು ಇಟ್ಟು ನೋಡಿದ ವಿಮರ್ಶೆಯನ್ನು ನಾವು ಓದಿಲ್ಲ.

ಚೋಮನ ಆಸೆ ಒಂದೇ: ಒಂದು ತುಂಡು ಭೂಮಿಯನ್ನು ತಾನು ಉಳಬೇಕು. ಎತ್ತುಗಳುಂಟು, ಧಣಿ ಸಂಕಪ್ಪಯ್ಯನಲ್ಲಿ ಭೂಮಿಯುಂಟು. ಹೊಲೆಯನು ಬೇಸಾಯಗಾರನಾಗಕೂಡದೆಂಬ ಕಟ್ಟಳೆಯೂ ಉಂಟು. ಪಾದ್ರಿಗಳ ಕಡೆ ಹೋದರೆ ಭೂಮಿ ಸಿಕ್ಕೀತೆಂದು ಹೊರಟವನು ಪಂಜುರ್ಲಿಯ ಭಯಭಕ್ತಿಯಿಂದ ಹಿಂದಿರುಗುತ್ತಾನೆ. ಇದನ್ನು ನೆಲದ ನಂಬಿಕೆಯ ಗೆಲುವೆಂದು ಕೊಂಡಾಡುವವರಿದ್ದಾರೆ. ನಾವೂ ತರಗತಿಯಲ್ಲಿ ಹಾಗೆಯೇ ಹೇಳಿಕೊಟ್ಟವರು. ಅಜ್ಜಿಯ ಮಗ ಇದನ್ನು ಒಪ್ಪಲಿಲ್ಲ. “ದೇವರು ಯಾವುದು ಅಂತ ಅವನು ಕೇಳಲೇ ಇಲ್ವಲ್ಲ ಸಾರ್, ಅವನು ಕೇಳಿದ್ದು ಹೊಲ” ಎಂದರು. ಈ ಮಾತಿನ ಬೆಳಕಿನಲ್ಲಿ ಮತ್ತೆ ಓದಿದರೆ, ಭೂಮಿಯ ಪ್ರಶ್ನೆಯನ್ನು ದೈವದ ಪ್ರಶ್ನೆಯಾಗಿ ಮಾಡಿದವರು ಯಾರೆಂಬುದು ಕಾಣುತ್ತದೆ. ಕಾರಂತರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೃತಿಯ ಬಲವಿರುವುದು ಆ ಸಂಯಮದಲ್ಲಿಯೇ.

ಹಾಗೆಂದು ಆ ಮನೆಯವರು ತಮ್ಮವರ ಪರ ವಾದಿಸಿದರೆಂದು ತಿಳಿಯಬಾರದು. ಕಾಫಿ ತೋಟದ ಮನ್ವೇಲನ ಭಾಗ ಬಂದಾಗ ಮನೆಯ ಸೊಸೆ, “ಬೆಳ್ಳಿಯನ್ನು ಹಾಳುಮಾಡಿದವನೂ ನಮ್ಮ ಹೆಸರಿನವನೇ” ಎಂದರು. ಜಗಲಿ ಸ್ವಲ್ಪ ಹೊತ್ತು ಮೌನವಾಯಿತು. ಬಳಿಕ ಮಾತು ಚರ್ಚಿನೊಳಗಿನ ಜಾತಿಗೆ ತಿರುಗಿತು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಚರ್ಚಿನಲ್ಲಿ ಜಾತಿಗಳ ನಡುವೆ ಗೋಡೆಯೇ ಇದ್ದಿತು. ಅದನ್ನು ಕೆಡವಿದ್ದು 1910ರಲ್ಲಿ. ಪಾದ್ರಿಯ ಬಳಿಗೆ ಹೋಗಿದ್ದರೂ ಚೋಮನಿಗೆ ಗೋಡೆಯ ಯಾವ ಬದಿ ಸಿಗುತ್ತಿತ್ತೆಂಬುದನ್ನು ಊಹಿಸಬಹುದು.

ನಾವು 1959ರ ಒಂದು ಪ್ರಸಂಗವನ್ನು ಹೇಳಿದೆವು. ಆ ವರ್ಷ ಭಾರತಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೇರಳದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅಮೆರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಅವರಿಗೆ ಮೊದಲು ನೋವಾಯಿತು; ಯೋಚಿಸಿದ ಮೇಲೆ ಅದು ನಿಜವೆಂದು ಒಪ್ಪಿದರು. 1965ರ ಜುಲೈ 4ರಂದು ತಮ್ಮ ಚರ್ಚಿನ ಪ್ರವಚನದಲ್ಲಿ ಅವರೇ ಇದನ್ನು ನೆನೆದುಕೊಂಡರು. ಕಾಲೇಜಿಗೆ ಹೋಗುವ ಮೊಮ್ಮಗ ಇದನ್ನು ಕೇಳಿ ನಕ್ಕುಬಿಟ್ಟ. ಆ ನಗುವಿಗೆ ಕಾರಣವಿತ್ತು. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಸ್ಥಾನ ಕ್ರೈಸ್ತರಿಗಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ದೊರೆಯಿತು. ತಮಿಳುನಾಡಿನಲ್ಲಿ ಇವನಂಥವರು ಹಿಂದುಳಿದ ವರ್ಗದವರು. “ಊರಲ್ಲಿ ನಾನು ಹಳೇ ಜಾತಿ, ಆಫೀಸಲ್ಲಿ ಮಾತ್ರ ಹೊಸ ಜಾತಿ” ಎಂದನು. ಈ ವಿಷಯವನ್ನು ಪರಿಶೀಲಿಸಲು 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತೆಂದು ನಾವು ತಿಳಿಸಿದೆವು. ಅವನು ಅದನ್ನು ಆಗಲೇ ಬಲ್ಲ.

ಕಾದಂಬರಿಯ ಬಗ್ಗೆ ನಮ್ಮ ಆಕ್ಷೇಪಣೆ ಹುಟ್ಟಿದುದು ಇಲ್ಲಿ. ಚೋಮನ ಮಗ ಗುರುವ ತೋಟದಲ್ಲಿ ಮೇರಿಯನ್ನು ಮದುವೆಯಾಗಿ ಕ್ರೈಸ್ತನಾಗುತ್ತಾನೆ. ತಂದೆಗೆ ಅವನು ಕಳೆದುಹೋದ ಮಗ. ಕಥೆಯೂ ಅವನನ್ನು ತಂದೆಯ ಕಣ್ಣಿನಿಂದಲೇ ಕಳೆದುಕೊಳ್ಳುತ್ತದೆ. ಅವನಿಗೆ ಮನೆಯಾಯಿತೇ, ಮಕ್ಕಳಾದವೇ, ಅವರು ಅಕ್ಷರ ಕಲಿತರೇ? ಚೋಮನ ದುರಂತಕ್ಕೆ ಈ ಕತ್ತಲೆ ಅಗತ್ಯವಾಗಿತ್ತೆಂದು ಕಾರಂತರ ಪರವಾಗಿ ಹೇಳಬಹುದು; ನಾವೂ ಅದನ್ನು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಆ ಕತ್ತಲೆಯನ್ನೇ ಕೃತಿಯ ಪೂರ್ಣ ಸತ್ಯವೆಂದು ವಿಮರ್ಶಕರು ಹಿಡಿದುಕೊಂಡುದು ತಪ್ಪು. ಗುರುವನ ಮರಿಮಕ್ಕಳಂಥವರು ಆ ಸಂಜೆ ನಮ್ಮೆದುರಿಗೆ ಕುಳಿತು ರಾಗಿ ಹೊಲದ ಮಾತನ್ನೂ ಪರೀಕ್ಷೆಯ ಮಾತನ್ನೂ ಆಡುತ್ತಿದ್ದರು. ಆಶೆ ಎಂಬುದನ್ನು ಅವರು ದೊಡ್ಡ ಮಾತಾಗಿ ಹೇಳಲಿಲ್ಲ. ಅಜ್ಜಿ ಮಾತ್ರ, ಗುರುವ ಅಪ್ಪನ ಮಣ್ಣಿಗೆ ಬಂದನೇ ಎಂದು ಎರಡು ಸಲ ಕೇಳಿದರು.

ಪುಸ್ತಕವನ್ನು ಮೊಮ್ಮಗ ಇರಿಸಿಕೊಂಡಿದ್ದಾನೆ. ರಾಗಿ ಕೊಯ್ಲು ಮುಗಿದ ಮೇಲೆ ಬೆಳ್ಳಿಯ ಭಾಗವನ್ನು ಇನ್ನೊಮ್ಮೆ ಓದಬೇಕೆಂದು ಹೆಂಗಸರು ಹೇಳಿ ಕಳುಹಿಸಿದ್ದಾರೆ.