ಕವಾಯತಿನ ಕತ್ತಿ: ನೋಡುವ ಬಗೆ, ಆರಿಸುವ ಬಗೆ

ಬೆಳಗಾವಿಯಲ್ಲಿ ಕತ್ತಿಗೆ ಬರವಿಲ್ಲ. ಚನ್ನಮ್ಮ ವೃತ್ತದ ಪ್ರತಿಮೆಯ ಕೈಯಲ್ಲೊಂದು, ರಾಯಣ್ಣನ ಪ್ರತಿಮೆಗಳ ಕೈಯಲ್ಲಿ ಒಂದೊಂದು. ಸಮಾವೇಶಗಳಲ್ಲಿ ಹಾರದ ಜೊತೆಗೆ ಬೆಳ್ಳಿ ಖಡ್ಗ. ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ ಠಾಣೆ ಮೆಟ್ಟಿಲು ಹತ್ತುವ ಹುಡುಗರೂ ಉಂಟು. ಇಷ್ಟರ ನಡುವೆ ಯಾರೂ ಅಷ್ಟಾಗಿ ಗಮನಿಸದ ಕತ್ತಿ ಒಂದಿದೆ. ಅದು ಕವಾಯತಿನ ಮುಂದೆ ನಿಂತ ಅಧಿಕಾರಿಯ ಕೈಯಲ್ಲಿರುವ ‘ಕಿರ್ಚ್’. ಸೈನಿಕರೂ ಪೊಲೀಸರೂ ಅದನ್ನು ಕರೆಯುವುದು ಹಾಗೆಯೇ. ‘ನಿಕಾಲ್ ಕಿರ್ಚ್’ ಎಂದರೆ ಒರೆಯಿಂದ ಆಚೆ, ‘ವಾಪಸ್ ಕಿರ್ಚ್’ ಎಂದರೆ ಮರಳಿ ಒರೆಗೆ.

ಎಲ್ಲಿ ನೋಡಬೇಕು?

ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ; ಆ ದಳದ ಅತಿ ಹಳೆಯ ಪಲ್ಟನ್ ಹುಟ್ಟಿದ್ದು 1768ರಲ್ಲಿ. ಅಲ್ಲಿ ತರಬೇತಿ ಮುಗಿಸಿದವರು ಪ್ರತಿಜ್ಞೆ ಸ್ವೀಕರಿಸುವ ಕಸಮ್ ಪರೇಡ್ ನಡೆಯುತ್ತದೆ. ಖಾನಾಪುರದ ಪೊಲೀಸ್ ತರಬೇತಿ ಶಾಲೆಯಿಂದ ಹೊರಬೀಳುವ ತಂಡಗಳಿಗೆ ನಿರ್ಗಮನ ಪಥಸಂಚಲನ ಇರುತ್ತದೆ. ಇವೆರಡಕ್ಕೂ ಆಹ್ವಾನ ಬೇಕು. ಆಹ್ವಾನ ಸಿಗದವರು ಜನವರಿ 26ಕ್ಕೋ ನವೆಂಬರ್ 1ಕ್ಕೋ ನಗರದ ಜಿಲ್ಲಾ ಕ್ರೀಡಾಂಗಣಕ್ಕೆ ಬೇಗ ಹೋಗಿ ಮುಂದಿನ ಸಾಲು ಹಿಡಿಯಲಿ.

ಮೊದಲು ಅಲಗು

ಬಾಗಿದ ಅಲಗು ಕಡಿಯುವುದಕ್ಕೆ, ನೆಟ್ಟನೆಯದು ಇರಿಯುವುದಕ್ಕೆ. ಬ್ರಿಟಿಷರ ಹಗುರ ಅಶ್ವದಳದ 1796ರ ಮಾದರಿ ಕುದುರೆ ಮೇಲಿಂದ ಕಡಿಯಲೆಂದೇ ಚೆನ್ನಾಗಿ ಬಾಗಿತ್ತು. 1890ರ ದಶಕದ ಹೊತ್ತಿಗೆ ಪದಾತಿ ಅಧಿಕಾರಿಯ ಕತ್ತಿ ನೆಟ್ಟಗಾಯಿತು. 1897ರ ಮಾದರಿಯ ಅಲಗು ಮೂವತ್ತೆರಡೂವರೆ ಅಂಗುಲ, ಅಂದರೆ ಸುಮಾರು 82 ಸೆಂ.ಮೀ. ನಮ್ಮ ಪದಾತಿ ಅಧಿಕಾರಿಗಳು ಇಂದು ಹಿಡಿಯುವುದೂ ಅದೇ ವಂಶದ್ದು. ಅಲಗಿನ ಉದ್ದಕ್ಕೆ ಇಳಿದ ತೋಡು ರಕ್ತ ಹರಿಯಲು ಎಂದು ಪಕ್ಕದವರು ಹೇಳಿದರೆ ನಂಬಬೇಡಿ. ಗಟ್ಟಿತನ ಕೆಡದಂತೆ ತೂಕ ಇಳಿಸಲು ಮಾಡಿದ್ದು ಅದು.

ಕವಾಯತಿನ ಕತ್ತಿಗೆ ಹರಿತ ಬೇಕಿಲ್ಲ. ಅದರಿಂದ ಬೇಕಾದದ್ದು ಗೆರೆ. ಹಿಡಿದವರ ತೋಳಿನ ಮುಂದುವರಿಕೆಯಂತೆ ಅಲಗು ಕಂಡರೆ ಆಯ್ಕೆ ಸರಿಯಾಗಿದೆ ಎಂದರ್ಥ. ಉಳಿದ ಎಲ್ಲ ಗುಣಗಳನ್ನೂ ಈ ಗೆರೆಯ ಲೆಕ್ಕದಲ್ಲೇ ತೂಗಬೇಕು.

ಹಿಡಿಕೆಯನ್ನು ಓದುವುದು

ಒಂದು ಭಾನುವಾರ ಕಿತ್ತೂರಿನ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಕತ್ತಿಗಳನ್ನು ನೋಡಿ. ತಲವಾರಿನ ಹಿಡಿಕೆಯ ತುದಿಯಲ್ಲಿ ದುಂಡನೆಯ ತಟ್ಟೆ ಇರುತ್ತದೆ. ಅದು ಮಣಿಕಟ್ಟನ್ನು ಹೆಚ್ಚು ತಿರುಗಲು ಬಿಡುವುದಿಲ್ಲ; ಹಾಗಾಗಿ ಏಟು ಭುಜದಿಂದ ಬಂದು ಎಳೆದು ಕೊಯ್ಯುತ್ತದೆ. ಹೋರಾಟಕ್ಕೆ ಅದು ಅನುಕೂಲ. ಅದೇ ತಲವಾರನ್ನು ತೋಳಿನ ನೇರಕ್ಕೆ ಚಾಚಿ ವಂದನೆ ಮಾಡಹೋದರೆ ತಟ್ಟೆ ಮಣಿಕಟ್ಟಿಗೆ ಒತ್ತುತ್ತದೆ. ಕಿರ್ಚಿಗೆ ಆ ತಟ್ಟೆ ಇಲ್ಲ; ಕೈಯನ್ನು ಮುಚ್ಚುವ ಲೋಹದ ಕವಚ ಇದೆ. ಬ್ರಿಟಿಷ್ ಕಾಲದ ಕವಚದಲ್ಲಿ ಕಿರೀಟದ ಕೆಳಗೆ ಅಂದಿನ ದೊರೆಯ ಮೊದಲಕ್ಷರ ಇರುತ್ತಿತ್ತು, ಗಣರಾಜ್ಯದ ಕತ್ತಿಯಲ್ಲಿ ಅಶೋಕ ಸಿಂಹ. ಮುಷ್ಟಿಗೆ ಸುತ್ತಿದ ಒರಟು ಮೀನಿನ ಚರ್ಮ ಮತ್ತು ತಂತಿ, ಬೆವರಿದ ಕೈ ಜಾರದಿರಲಿ ಎಂದು. ತೂಗುವ ಗೊಂಡೆಯೂ ಮೊದಲು ಅಲಂಕಾರವಾಗಿರಲಿಲ್ಲ. ಕೈತಪ್ಪಿದರೂ ಕತ್ತಿ ನೆಲಕ್ಕೆ ಬೀಳದಂತೆ ಮಣಿಕಟ್ಟಿಗೆ ಸಿಕ್ಕಿಸುವ ದಾರ ಅದು.

ವಂದನೆಯ ಎರಡು ಗಳಿಗೆ

ವಂದನೆಗೆ ಎರಡು ಹೆಜ್ಜೆ. ಮೊದಲು ಹಿಡಿಕೆ ಬಾಯಿಯ ಮಟ್ಟಕ್ಕೆ ಬರುತ್ತದೆ, ಅಲಗು ನೆಟ್ಟಗೆ ಮೇಲಕ್ಕೆ. ಆಮೇಲೆ ತೋಳು ಚಾಚಿ ಮೊನೆ ಬಲಗಾಲಿನ ಮುಂದೆ ನೆಲದ ಕಡೆ ಇಳಿಯುತ್ತದೆ, ನೆಲ ಮುಟ್ಟಬಾರದು. ಹೊಸಬರ ಕಣ್ಣು ಹೋಗುವುದು ಎತ್ತುವ ರಭಸದತ್ತ. ನೀವು ಮೊನೆಯನ್ನೇ ನೋಡಿ. ಇಳಿದ ಮೇಲೆ ಅದು ಒಂದಿಷ್ಟೂ ತೂಗದೆ ನಿಂತರೆ ಕೈಯೂ ಕತ್ತಿಯೂ ಒಂದಕ್ಕೊಂದು ಒಗ್ಗಿವೆ. ಲಘು ಪದಾತಿಯ ಚುರುಕು ನಡೆಯಲ್ಲಿ ಪರೀಕ್ಷೆ ಇನ್ನೂ ಕಠಿಣ. ಸಾಮಾನ್ಯ ನಡೆ ನಿಮಿಷಕ್ಕೆ 120 ಹೆಜ್ಜೆಯಾದರೆ, ಆ ಸಂಪ್ರದಾಯದಲ್ಲಿ 140. ತೂಕ ಮೊನೆಯ ಕಡೆ ಜಾಸ್ತಿಯಾದ ಕತ್ತಿ ಅಷ್ಟು ವೇಗದಲ್ಲಿ ಅಲುಗಾಡಿ ಸಾಲಿನ ಅಂದವನ್ನೇ ಕೆಡಿಸುತ್ತದೆ. ಕಿವಿಯೂ ತೆರೆದಿರಲಿ: ಒರೆಯೊಳಗೆ ಕತ್ತಿ ಗಲಗಲ ಅಂದರೆ ಒರೆಯ ಬಾಯಿ ಸಡಿಲ ಎಂದೇ ಲೆಕ್ಕ.

ಆರಿಸುವ ಹೊಣೆ ನಿಮಗೇ ಬಿದ್ದರೆ

ಶಾಲೆಯೋ ಅಕಾಡೆಮಿಯೋ ಗೌರವ ಖಡ್ಗ ಕೊಡಲು ಹೊರಟು ಆಯ್ಕೆ ಸಮಿತಿಯಲ್ಲಿ ನಿಮ್ಮನ್ನು ಕೂರಿಸಿದೆ ಎನ್ನಿ. ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿಯ ಅತ್ಯುತ್ತಮ ಕೆಡೆಟ್‌ಗೆ ಸಿಗುವುದೂ ಇಂಥ ಖಡ್ಗವೇ. ಅದೇ ಊರಿನಲ್ಲಿ 1943ರಿಂದ ಇರುವ ವಿಂಡ್ಲಾಸ್ ಕಾರ್ಖಾನೆ ಹಲವು ದೇಶಗಳ ಸೈನ್ಯಗಳಿಗೆ ಕತ್ತಿ ಮಾಡಿಕೊಡುತ್ತದೆ.

ಮಾದರಿ ತರಿಸಿದಾಗ ಮೊದಲು ಕೇಳಬೇಕಾದ್ದು, ಹಿಡಿಕೆಯೊಳಗೆ ಹೋಗುವ ಬಾಲ ಅಲಗಿನ ಉಕ್ಕಿನದ್ದೇ ಅಥವಾ ಬೆಸುಗೆ ಹಾಕಿದ ಸರಳೇ? ಗೋಡೆಗೆ ತೂಗುವ ಕತ್ತಿಗಳಲ್ಲಿ ಬೆಸುಗೆಯದೇ ಹೆಚ್ಚು. ಕವಾಯತಿನ ಒಂದು ಝಳಕಿಗೆ ಅದು ಮುರಿದು ಅಲಗು ಹಾರಬಹುದು. ಎರಡನೆಯದು ಎತ್ತರ: ಗಿಡ್ಡ ಅಧಿಕಾರಿಗೆ ಉದ್ದ ಅಲಗು ಕೊಟ್ಟರೆ ವಂದನೆಯಲ್ಲಿ ಮೊನೆ ಮಣ್ಣು ಕೆದಕುತ್ತದೆ. ಮೂರನೆಯದು ಮಳೆ. ಖಾನಾಪುರದ ಕಡೆ ಜೂನ್‌ನಿಂದ ಗೋಡೆಗಳೇ ಬೆವರುತ್ತವೆ. ಚರ್ಮದ ಒರೆ ತೇವ ಹಿಡಿದಿಟ್ಟುಕೊಂಡು ಅಲಗನ್ನು ತಿನ್ನುತ್ತದೆ. ಆ ತಿಂಗಳುಗಳಲ್ಲಿ ಕತ್ತಿಯನ್ನು ಒರೆಯಿಂದ ಹೊರಗಿಟ್ಟು, ಬೆರಳ ಗುರುತು ಒರೆಸಿ, ಯಂತ್ರದ ಎಣ್ಣೆಯ ತೆಳು ಪದರ ಸವರಿ. ಕ್ರೋಮ್ ಲೇಪದ ಹೊಳಪು ಕಂಡು ಮರುಳಾಗಬೇಡಿ. ಲೇಪ ಎದ್ದ ಕಡೆ ತುಕ್ಕು ಒಳಗೇ ಹಬ್ಬುತ್ತದೆ. ತಿಕ್ಕಿ ನಯಗೊಳಿಸಿದ ಉಕ್ಕಾದರೆ ಮತ್ತೆ ತಿಕ್ಕಬಹುದು.

ಕೊನೆಗೆ ಕೆತ್ತನೆ. ಲಾಂಛನ, ಪ್ರಶಸ್ತಿಯ ಹೆಸರು, ಗೆದ್ದವರ ಹೆಸರು, ವರ್ಷ, ಇಷ್ಟು ಸಾಕು. ಪ್ರದಾನ ಮಾಡಿದ ಗಣ್ಯರ ಹೆಸರು ಸೇರಿಸಿದರೆ ಗೆದ್ದವರ ಹೆಸರಿಗೆ ಜಾಗ ಉಳಿಯುವುದಿಲ್ಲ. ಕನ್ನಡದಲ್ಲಿ ಕೆತ್ತಿಸುವುದಾದರೆ ಅಕ್ಷರಗಳನ್ನು ನಿಜವಾದ ಅಳತೆಯಲ್ಲೇ ಮುದ್ರಿಸಿ ಕಳಿಸಿ, ಕರಡನ್ನು ಇಬ್ಬರಿಂದಾದರೂ ಓದಿಸಿ. ಹೊರರಾಜ್ಯದ ಕೆತ್ತನೆಗಾರರಿಗೆ ಒತ್ತಕ್ಷರ ಗೊತ್ತಿರಬೇಕೆಂದಿಲ್ಲ, ಉಕ್ಕಿನ ಮೇಲಿನ ಕಾಗುಣಿತದ ತಪ್ಪನ್ನು ರಬ್ಬರಿನಿಂದ ಅಳಿಸಲೂ ಆಗದು.