ಹೊಟ್ಟೆಗೆ ಹಾಕಿಕೊಳ್ಳದ ಗೋಡೆ

ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು, ಕಾರಿಡಾರಿಗೆ ಹೊಸ ಬಣ್ಣ ಬಂದಿದೆ: ನೆಲದಿಂದ ಸೂರಿನವರೆಗೂ ಹಾಲುಬಿಳುಪು. ಫೋಟೋದಲ್ಲಿ ಸಖತ್ತಾಗಿ ಕಾಣುತ್ತೆ. ನನ್ನ ತಕರಾರೂ ಅದೇ. ಇದು ತೋರಿಸೋ ಗೋಡೆ, ಬಳಸೋ ಗೋಡೆಯಲ್ಲ.

ಹಳ್ಳಿಮನೆಗಳಲ್ಲಿ ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದರು. ಮಳೆ ಸಿಡಿಸಿದ ಕೆಸರು, ಮಕ್ಕಳ ಕಾಲು, ಎಲ್ಲವನ್ನೂ ಅದು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಇಲ್ಲಿ ಒಂದು ಕೈಗುರುತು ಕಂಡರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ವಿಚಾರಣೆ ಶುರು: ಡೆಲಿವರಿ ಹುಡುಗನಾ, ಮೂರನೇ ಮಹಡಿ ಮಗುವಾ? ಒರೆಸೋದು ಮಾತ್ರ ಹೌಸ್‌ಕೀಪಿಂಗ್ ಅಕ್ಕ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ ಮೆಟ್ಟಿಲು, ಕಾರಿಡಾರು ಮಾಲೀಕರೆಲ್ಲರ ಜಂಟಿ ಸ್ವತ್ತು. ದಿನಾ ಒರೆಸುವವರಿಗೆ ಬಣ್ಣ ಆರಿಸೋ ಹಕ್ಕಿಲ್ಲ. ಹಕ್ಕಿರುವ ನಾವು ಸೊಂಟದೆತ್ತರಕ್ಕಾದರೂ ಗಾಢ ಬಣ್ಣದ ಎನಾಮಲ್ ಹೊಡೆಸೋಣ. ಒರೆಸಿದರೆ ಕೊಳೆ ಹೋಗುತ್ತೆ, ಜಗಳವೂ.