ಕೊನೆಯ ಸಂಪುಟ ಮತ್ತು ಕೊರಳಪಟ್ಟಿ

ತರಗತಿ ಮುಗಿಸಿ ಹೊರಗೆ ಬರುತ್ತಿದ್ದೆ. ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಹಿಂದೆಯೇ ಬಂದು ಕೇಳಿದಳು: "ಸಾರ್, ನೀವು ಆ ಪುಸ್ತಕ ಪೂರ್ತಿ ಓದಿದ್ದೀರಂತೆ. ಕೊನೆಗೆ ಆ ಪಟ್ಟಿ ಬಿಚ್ತಾರಾ?"

ಅವಳು ಕೇಳಿದ್ದು ರಾಬರ್ಟ್ ಜೋರ್ಡನ್ನನ 'ದಿ ವ್ಹೀಲ್ ಆಫ್ ಟೈಮ್' ಕುರಿತು. ಅದರ ಧಾರಾವಾಹಿಯನ್ನು ಅವಳು ಫೋನಿನಲ್ಲಿ ನೋಡಿದ್ದಳು. 2021ರಲ್ಲಿ ಶುರುವಾದ ಧಾರಾವಾಹಿ ಮೂರು ಸರಣಿ ಮುಗಿಸಿ 2025ರಲ್ಲಿ ಅರ್ಧಕ್ಕೇ ನಿಂತುಹೋಯಿತು. ಹಾಗಾಗಿ ಅವಳ ಪ್ರಶ್ನೆಗೆ ಉತ್ತರ ಇರುವುದು ಪುಸ್ತಕದ ಕೊನೆಯ ಸಂಪುಟದಲ್ಲಿ ಮಾತ್ರ. ತಕ್ಷಣ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಈ ಬರಹ ಆ ಉತ್ತರ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಅಮೆರಿಕದ ಮಾಯಾಲೋಕದ ಕಾದಂಬರಿಯ ಮಾತೇಕೆ ಎಂದು ಗೆಳೆಯರು ಕೇಳಬಹುದು. ದಲಿತ ವಿಮರ್ಶೆ ಎಂದರೆ ದಲಿತರು ಬರೆದದ್ದನ್ನು ಓದುವುದು ಎಂಬ ತಿಳುವಳಿಕೆ ನಮ್ಮಲ್ಲೂ ಬೇರೂರಿದೆ. ಇದನ್ನು ಒಪ್ಪಿಕೊಂಡರೆ ಸಾಹಿತ್ಯದಲ್ಲೂ ನಾವು ಕೇರಿಯೊಳಗೇ ಉಳಿದು, ಊರನ್ನೆಲ್ಲ ಅವರಿಗೇ ಬಿಟ್ಟುಕೊಟ್ಟ ಹಾಗಾಗುತ್ತದೆ. ದಲಿತ ವಿಮರ್ಶೆ ಒಂದು ಕಣ್ಣು. ಅದು ಏನನ್ನು ಬೇಕಾದರೂ ನೋಡಬಹುದು.

ಮೊದಲ ಸಂಪುಟ ಬಂದದ್ದು 1990ರಲ್ಲಿ, ಹದಿನಾಲ್ಕನೆಯದು 'ಎ ಮೆಮೊರಿ ಆಫ್ ಲೈಟ್' 2013ರಲ್ಲಿ. ಹನ್ನೊಂದು ಸಂಪುಟ ಬರೆದು, ಇನ್ನೊಂದರಲ್ಲಿ ಮುಗಿಸುತ್ತೇನೆ ಎಂದಿದ್ದ ಜೋರ್ಡನ್ 2007ರಲ್ಲಿ ತೀರಿಕೊಂಡ. ಅವನ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ಕಿರಿಯ ಲೇಖಕ ಕೊನೆಯ ಮೂರು ಸಂಪುಟ ಬರೆದ. ನಾನು ಇದನ್ನು ಹಾಸ್ಟೆಲಿನಲ್ಲಿದ್ದಾಗ ಹಿಡಿದವನು. ನನಗೆ ಇಂಗ್ಲಿಷ್ ಬಂದದ್ದೇ ಈ ದಪ್ಪ ಪುಸ್ತಕಗಳಿಂದ ಅಂದರೂ ತಪ್ಪಿಲ್ಲ. ಮುಗಿಸಲು ಎಂಟು ವರ್ಷ ಹಿಡಿಯಿತು. ಇಷ್ಟು ವರ್ಷ ನನ್ನನ್ನು ಎಳೆದುಕೊಂಡು ಹೋದದ್ದು ನಾಯಕ ರಾಂಡ್ ಅಲ್ಲ, ಅವನ ಕತ್ತಿಯೂ ಅಲ್ಲ. ಎರಡನೇ ಸಂಪುಟದಲ್ಲಿ ಬರುವ ಕೊರಳಪಟ್ಟಿ.

ಸಮುದ್ರದಾಚೆಯಿಂದ ದಂಡೆತ್ತಿ ಬರುವ ಶಾನ್‌ಚಾನ್ ಎಂಬ ಸಾಮ್ರಾಜ್ಯದಲ್ಲಿ, ಮಾಯಾಶಕ್ತಿ ಇರುವ ಹೆಣ್ಣುಮಕ್ಕಳ ಕೊರಳಿಗೆ ಲೋಹದ ಪಟ್ಟಿ ಹಾಕುತ್ತಾರೆ. ಅದಕ್ಕೊಂದು ಸರಪಳಿ, ಸರಪಳಿಯ ತುದಿಗೊಂದು ಬಳೆ. ಆ ಬಳೆ ಇನ್ನೊಬ್ಬ ಹೆಂಗಸಿನ ಕೈಯಲ್ಲಿ. ಪಟ್ಟಿ ತೊಟ್ಟವಳು 'ಡಮಾನಿ', ಬಳೆ ತೊಟ್ಟವಳು 'ಸುಲ್‌ಡಾಮ್'. ಡಮಾನಿ ಆದವಳ ಹೆಸರನ್ನು ಮನೆತನದ ದಾಖಲೆಯಿಂದ ಹೊಡೆದುಹಾಕುತ್ತಾರೆ. ಸುಲ್‌ಡಾಮ್ ಆದವಳಿಗೆ ಗೌರವ, ಸ್ಥಾನಮಾನ. ಎಗ್ವೇನ್ ಎಂಬ ಹಳ್ಳಿ ಹುಡುಗಿ ಸೆರೆಸಿಕ್ಕಾಗ ಅವಳ ಹೆಸರು ಕಿತ್ತು 'ಟುಲಿ' ಎಂದು ಕರೆಯುತ್ತಾರೆ, ನಾಯಿಗೆ ಹೆಸರಿಟ್ಟ ಹಾಗೆ. ಅಪ್ಪ ಇಟ್ಟ ಹೆಸರು ಬಿಟ್ಟು ಊರ ಗೌಡ ಕರೆದದ್ದೇ ಹೆಸರಾಗಿ ಉಳಿದ ಮನೆಯಿಂದ ಬಂದವನು ನಾನು. ಆ ಪುಟ ಓದಿ ಪುಸ್ತಕ ಮಡಚಿಟ್ಟು ಎದ್ದು ಹೊರಗೆ ಹೋಗಿದ್ದೆ.

ಕಾದಂಬರಿಯ ನಿಜವಾದ ಒಳನೋಟ ಇದರ ಮುಂದಿದೆ. ಬಳೆ ತೊಡಬಲ್ಲ ಹೆಂಗಸರಿಗೂ ಅದೇ ಶಕ್ತಿಯನ್ನು ಕಲಿಯುವ ಸಾಮರ್ಥ್ಯ ಇರುತ್ತದೆ. ಪಟ್ಟಿ ಅವರ ಕೊರಳಿಗೂ ಹಿಡಿಯುತ್ತದೆ. ಅಂದರೆ ಹಿಡಿದವಳಿಗೂ ಹಿಡಿಸಿಕೊಂಡವಳಿಗೂ ನಡುವೆ ಹುಟ್ಟಿನ ಗೋಡೆ ಇದೆ ಎಂಬುದೇ ಸುಳ್ಳು. ಆ ಸುಳ್ಳಿನ ಮೇಲೆ ಒಂದು ಸಾಮ್ರಾಜ್ಯ ನಿಂತಿದೆ. ಮೊದಲ ಪಟ್ಟಿಯನ್ನು ಮಾಡಿಕೊಟ್ಟವಳೂ ಅದೇ ಶಕ್ತಿ ಇದ್ದ ಹೆಂಗಸು, ಕೊನೆಗೆ ಪಟ್ಟಿ ಅವಳ ಕೊರಳಿಗೇ ಬೀಳುತ್ತದೆ. ಮೈಲಿಗೆಯ ತರ್ಕವನ್ನು ಇಷ್ಟು ನಿಚ್ಚಳವಾಗಿ ಬಿಚ್ಚಿಟ್ಟ ಜನಪ್ರಿಯ ಕಾದಂಬರಿ ನನಗೆ ಇನ್ನೊಂದು ಸಿಕ್ಕಿಲ್ಲ. ಇದನ್ನು ಬರೆದವನ ಬಗ್ಗೆ ನನಗೆ ಗೌರವ ಇದೆ. ಕೊನೆಯ ಸಂಪುಟದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ ಎಂದು ನಾನು ಕಾದದ್ದೂ ಅದಕ್ಕೇ.

ಆದರೆ ಕೊನೆಯ ಸಂಪುಟದಲ್ಲಿ ಆಗುವುದೇನು? ಮಹಾಯುದ್ಧಕ್ಕೆ ಮೊದಲು ರಾಂಡ್ ಎಲ್ಲ ರಾಜ್ಯಗಳ ನಡುವೆ ಶಾಂತಿ ಒಪ್ಪಂದ ಮಾಡಿಸುತ್ತಾನೆ. ಶಾನ್‌ಚಾನ್ ಸೈನ್ಯ ಇಲ್ಲದೆ ಗೆಲ್ಲಲಾಗದು. ಅದರ ಮಹಾರಾಣಿ ಟುವಾನ್ ತಾನು ಗೆದ್ದ ನೆಲ ಉಳಿಸಿಕೊಂಡೇ ಒಪ್ಪಂದದೊಳಗೆ ಬರುತ್ತಾಳೆ. ಪಟ್ಟಿಯ ಪದ್ಧತಿ ರದ್ದಾಗುವುದಿಲ್ಲ. 'ಕೊನೆಯ ಯುದ್ಧ' ಎಂಬ ಒಂದೇ ಅಧ್ಯಾಯ ಸುಮಾರು ಇನ್ನೂರು ಪುಟ. ಆ ಯುದ್ಧದಲ್ಲಿ ಡಮಾನಿಗಳೂ ಹೋರಾಡುತ್ತಾರೆ. ಬೆಳಕಿನ ಪರವಾಗಿ, ಕೊರಳಲ್ಲಿ ಪಟ್ಟಿ ಹಾಕಿಕೊಂಡೇ. ಕತ್ತಲು ಸೋಲುತ್ತದೆ, ಲೋಕ ಉಳಿಯುತ್ತದೆ, ಪಟ್ಟಿಯೂ ಉಳಿಯುತ್ತದೆ.

ಕಾದಂಬರಿಗೆ ಇದು ಗೊತ್ತಿಲ್ಲ ಎನ್ನುವಂತಿಲ್ಲ. ಹೊತ್ತಿಗೆ ಮುಂಚೆಯೇ ಎಗ್ವೇನ್ ಟುವಾನಳ ಎದುರು ನಿಂತು ಸವಾಲು ಹಾಕುತ್ತಾಳೆ: ನಿನ್ನ ಕೊರಳಿಗೂ ಇದು ಹಿಡಿಯುತ್ತದಲ್ಲವೇ? ಟುವಾನಳ ಬಳಿ ಉತ್ತರ ಸಿದ್ಧವಿದೆ. ಸಾಮರ್ಥ್ಯ ಇದ್ದರೇನು, ನಾನು ಆ ದಾರಿ ಹಿಡಿಯಲಿಲ್ಲ, ಕೊಲೆ ಮಾಡಬಲ್ಲವನೆಲ್ಲ ಕೊಲೆಗಾರನಲ್ಲ ಎಂಬ ಧಾಟಿಯ ವಾದ. ಹುಟ್ಟಿನ ವಾದ ಬಿದ್ದುಹೋದ ಕೂಡಲೇ ನಡತೆಯ ವಾದ ಬಂದು ನಿಲ್ಲುತ್ತದೆ. ಈ ಜಾಣತನ ನಮಗೆ ಹೊಸದಲ್ಲ. ಹುಟ್ಟಿನಿಂದ ಅಲ್ಲ, ಗುಣದಿಂದ ವರ್ಣ ಎಂದು ನಮ್ಮಲ್ಲೂ ಹೇಳುತ್ತಾರಲ್ಲ! ಆಮೇಲೆ ಎಗ್ವೇನ್ ಯುದ್ಧದಲ್ಲಿ ಸಾಯುತ್ತಾಳೆ. ಪಟ್ಟಿ ತೊಟ್ಟು ಬದುಕಿ ಬಂದವಳು, ಅದನ್ನು ಮರೆಯದವಳು ಸಂಧಾನದ ಮೇಜಿನಿಂದ ಹೀಗೆ ಮರೆಯಾಗುತ್ತಾಳೆ. ಟುವಾನ್ ಉಳಿಯುತ್ತಾಳೆ.

ಜೋರ್ಡನ್ ಪರವಾಗಿ ಒಂದು ಮಾತು ಹೇಳಬೇಕು. ಟುವಾನ್ ಮತ್ತು ಅವಳ ಗಂಡ ಮ್ಯಾಟ್ ಕುರಿತು ಅವನು ಮುಂದೆ ಬೇರೆ ಕಾದಂಬರಿಗಳನ್ನು ಬರೆಯಬೇಕೆಂದಿದ್ದ. ಪಟ್ಟಿಯ ಪ್ರಶ್ನೆ ಅಲ್ಲಿ ಬರುತ್ತಿತ್ತು ಎಂದು ಅಭಿಮಾನಿಗಳು ವಾದಿಸುತ್ತಾರೆ. ಇರಬಹುದು. ಬರೆಯುವ ಮೊದಲೇ ಅವನು ಸತ್ತ. ಆದರೆ ನನ್ನ ತಕರಾರು ಇರುವುದೇ ಇಲ್ಲಿ. ಕತ್ತಲ ದೊರೆಯ ಪ್ರಶ್ನೆ ಮುಖ್ಯ ಕಥೆಯಾಯಿತು, ಪಟ್ಟಿಯ ಪ್ರಶ್ನೆ ಆಮೇಲಿನ ಕಥೆಯಾಯಿತು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ತೀರ್ಮಾನಿಸುವವರು ಯಾರು? 1936ರ 'ಜಾತಿ ವಿನಾಶ'ದ ಆರಂಭದಲ್ಲೇ ಬಾಬಾಸಾಹೇಬರು ಹಿಡಿದುಕೊಳ್ಳುವ ಪ್ರಶ್ನೆ ಇದೇ ಅಲ್ಲವೇ? ರಾಜಕೀಯ ಮೊದಲು, ಸಮಾಜ ಸುಧಾರಣೆ ಆಮೇಲೆ ಎಂದವರ ಜೊತೆಗಿನ ಜಗಳ ಅದು.

ಜೋರ್ಡನ್ ಹುಟ್ಟಿದ್ದು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಇಳಿಸುತ್ತಿದ್ದ ದೊಡ್ಡ ಬಂದರು ಅದು. 1787ರಲ್ಲಿ ಅಮೆರಿಕದ ಸಂವಿಧಾನ ಬರೆಯುವಾಗಲೂ ಒಂದು ಸಂಧಾನ ಆಗಿತ್ತು. ದಕ್ಷಿಣದ ರಾಜ್ಯಗಳು ಬಿಟ್ಟುಹೋಗಬಾರದು, ಒಕ್ಕೂಟ ಉಳಿಯಬೇಕು ಎಂದು ಗುಲಾಮಗಿರಿಯನ್ನು ಹಾಗೇ ಬಿಟ್ಟರು. ಪ್ರತಿನಿಧಿಗಳ ಲೆಕ್ಕಕ್ಕೆ ಐವರು ಗುಲಾಮರು ಮೂವರಿಗೆ ಸಮ. 1808ರವರೆಗೆ ಗುಲಾಮರ ಆಮದಿಗೆ ತಡೆಯಿಲ್ಲ. ಸಂವಿಧಾನದಿಂದಲೇ ಗುಲಾಮಗಿರಿ ರದ್ದಾದದ್ದು 1865ರಲ್ಲಿ. 78 ವರ್ಷ, ನಡುವೆ ಒಂದು ಅಂತರ್ಯುದ್ಧ. ಲೇಖಕ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಎಂದು ನಾನು ಹೇಳುತ್ತಿಲ್ಲ. ಬಲಾಢ್ಯರು ಮಾಡಿಕೊಳ್ಳುವ ಶಾಂತಿಗೆ ಬೆಲೆ ತೆರುವವರು ಯಾರು ಎಂಬುದು ಆ ನೆಲಕ್ಕೆ ಚೆನ್ನಾಗಿ ಗೊತ್ತು ಅನ್ನುತ್ತಿದ್ದೇನೆ ಅಷ್ಟೇ.

ಕೊನೆಯಲ್ಲಿ ರಾಂಡ್ ಕತ್ತಲ ದೊರೆಯನ್ನು ಕೊಲ್ಲುವುದಿಲ್ಲ. ಕೆಡುಕೇ ಇಲ್ಲದ ಲೋಕದಲ್ಲಿ ಮನುಷ್ಯರು ಬರೀ ಗೊಂಬೆಗಳಾಗುತ್ತಾರೆ ಎಂದು ಅವನಿಗೆ ಕಾಣುತ್ತದೆ. ತತ್ವವಾಗಿ ಇದು ದೊಡ್ಡ ಮಾತೇ ಇರಬಹುದು. ಆದರೆ ಪಟ್ಟಿ ತತ್ವ ಅಲ್ಲ. ಯಾರೋ ಮಾಡಿದ್ದು, ಯಾರೋ ಹಾಕಿದ್ದು, ಬಿಚ್ಚಬಹುದಾದದ್ದು. ಕಾಲಚಕ್ರಕ್ಕೆ ಆದಿ ಅಂತ್ಯಗಳಿಲ್ಲ ಎಂದು ಕಾದಂಬರಿ ಮತ್ತೆ ಮತ್ತೆ ಹೇಳುತ್ತದೆ. ಚಕ್ರ ತಾನಾಗಿ ತಿರುಗುತ್ತದೆ ಎಂಬ ಮಾತು ಕೇಳಲು ಚೆನ್ನ, ಅದರ ಅಡಿಗೆ ಸಿಕ್ಕದವರಿಗೆ.

ಇಷ್ಟಾದರೂ ಈ ಪುಸ್ತಕ ಓದಬೇಡಿ ಎಂದು ನಾನು ಹೇಳಲಾರೆ. ಪಟ್ಟಿಯ ಗುಟ್ಟನ್ನು ನನಗೆ ಹೇಳಿಕೊಟ್ಟದ್ದೇ ಅದು. ತಾನೇ ಕಂಡ ಸತ್ಯವನ್ನು ಕೊನೆಯವರೆಗೆ ಹೊತ್ತು ತರಲು ಅದಕ್ಕೆ ಆಗಲಿಲ್ಲ ಎಂಬುದು ನನ್ನ ದುಃಖ. ಹದಿನಾಲ್ಕು ಸಂಪುಟ ಮುಗಿದಾಗ ಯಾರ ಕಥೆ ಮುಗಿಯಿತು, ಯಾರದು ಬಾಕಿ ಉಳಿಯಿತು ಎಂದು ಕೇಳುವುದು ವಿಮರ್ಶೆಯ ಕೆಲಸ.

ಮಾರನೇ ವಾರ ಆ ಹುಡುಗಿಗೆ ಹೇಳಿದೆ: "ಇಲ್ಲಮ್ಮಾ, ಬಿಚ್ಚಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮತ್ತೆ ಗೆದ್ದದ್ದು ಯಾರು ಸಾರ್?"